ದ್ವೀಪದ ಖಾತೆ

ಕದ್ಮತ್ ದ್ವೀಪಕ್ಕೂ ಮಂಗಳೂರಿಗೂ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ 300 ಕಿಲೋಮೀಟರಿಗೂ ಕಡಿಮೆ. ಕೊಚ್ಚಿಯಿಂದಾದರೆ 400. ಆದರೂ ಮಂಗಳೂರಿನವರಾದ ನಾವು ಅಲ್ಲಿ ರಜೆ ಕಳೆಯಬೇಕಾದರೆ ರೈಲು ಹತ್ತಿ ಕೊಚ್ಚಿಯಲ್ಲಿ ಇಳಿಯಬೇಕು, ವಿಲಿಂಗ್ಡನ್ ಐಲ್ಯಾಂಡಿನ ದಕ್ಕೆಯಲ್ಲಿ ಪರ್ಮಿಟ್ ತೋರಿಸಿ ಹಡಗು ಏರಬೇಕು, ಮತ್ತೆ ರಾತ್ರಿಯಿಡೀ ವಾಯವ್ಯಕ್ಕೆ ಸಾಗಬೇಕು. ಮಗನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಪ್ಯಾಕೇಜಿನಲ್ಲಿ ಬರೆದದ್ದೇ ಹಾಗೆ. ದ್ವೀಪದ ಮಂಜಿಗಳು, ಅಂದರೆ ಸರಕಿನ ಮರದ ಹಡಗುಗಳು, ನಮ್ಮ ಬೀದಿಯ ತುದಿಗೇ ಬಂದು ನಿಲ್ಲುತ್ತಿದ್ದ ಕಾಲದಲ್ಲಿ ಬಂದರಿನಲ್ಲಿ ಬೆಳೆದ ನನಗೆ ಮಾತ್ರ ಕಾಸರಗೋಡು ದಾಟುವಾಗ ಸಣ್ಣಗೆ ನಗು ಬಂತು.

2024ರ ಜನವರಿಯಲ್ಲಿ ಪ್ರಧಾನಿಯವರು ಲಕ್ಷದ್ವೀಪದ ನೀರಿನಲ್ಲಿ ಮುಳುಗು ಹಾಕಿದ ಚಿತ್ರಗಳು ಬಂದವಲ್ಲ, ಮಗನ ತಲೆಯಲ್ಲಿ ಹುಳ ಹೊಕ್ಕದ್ದು ಆಗ. ಮಾಲ್ಡೀವ್ಸ್‌ಗೆ ಹೋಗುವ ದುಡ್ಡಿನಲ್ಲಿ ಅರ್ಧಕ್ಕೆ ನಮ್ಮದೇ ದ್ವೀಪ ನೋಡಬಹುದು ಎಂದು ಅವನ ಲೆಕ್ಕ. ಪರ್ಮಿಟ್ಟು, ಹಡಗಿನ ಸೀಟು, ಮಕ್ಕಳ ಪರೀಕ್ಷೆ ಎಲ್ಲ ಹೊಂದಿಕೆಯಾಗುವಾಗ ದೇಶ ಆ ವಿಷಯ ಮರೆತಾಗಿತ್ತು. ಸೊಸೆ ನನ್ನನ್ನೂ ಹೊರಡಿಸಿದಳು. ಮಂಡಿನೋವಿನ ನೆಪ ಹೇಳಿ ನೋಡಿದೆ, ನಡೆಯಲಿಲ್ಲ.

ಮಂಡಿಯ ವಿಷಯದಲ್ಲಿ ನಾನು ಹೇಳಿದ್ದೇ ಸರಿಯಿತ್ತು. ಕದ್ಮತ್‌ನಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ, ಹವಳದ ದಂಡೆಯ ಹೊರಗೇ ನಿಲ್ಲುತ್ತದೆ. ಅದರ ಬದಿಯ ಬಾಗಿಲಿನಿಂದ, ಕೆಳಗೆ ಕುಣಿಯುವ ದೋಣಿಗೆ ಇಳಿಯಬೇಕು. ಇಬ್ಬರು ಹುಡುಗರು ನನ್ನ ರಟ್ಟೆ ಹಿಡಿದು, ಅಲೆ ದೋಣಿಯನ್ನು ಮೇಲೆತ್ತುವ ಗಳಿಗೆ ಕಾದು, ಎತ್ತಿ ಕೆಳಗಿನವರ ಕೈಗೆ ದಾಟಿಸಿದರು. ದಕ್ಕೆಯ ಕೂಲಿಗಳು ಮಂಜಿಗೆ ಅಕ್ಕಿ ದಾಟಿಸುತ್ತಿದ್ದದ್ದೂ ಅಲೆಯ ಇದೇ ಲೆಕ್ಕದಲ್ಲಿ. ಸೊಸೆಗೆ ಹೇಳಿದೆ. ಅವಳು ಕಣ್ಣು ಮುಚ್ಚಿ ಬೆಂಚು ಹಿಡಿದುಕೊಂಡಿದ್ದಳು, ಕೇಳಿಸಿತೋ ಇಲ್ಲವೋ.

ದ್ವೀಪದ ನೀರಿನ ಬಣ್ಣದ ಬಗ್ಗೆ ನಾನು ಬರೆಯುವುದಿಲ್ಲ. ಫೋಟೊಗಳು ಸುಳ್ಳು ಹೇಳಿಲ್ಲ, ಅಷ್ಟು ಸಾಕು. ಉದ್ದ ಒಂಬತ್ತು ಕಿಲೋಮೀಟರು, ಅಗಲ ಅಗಲವಾದ ಕಡೆಯಲ್ಲೂ ಅರ್ಧ ಕಿಲೋಮೀಟರಿನ ಸುಮಾರು. ಪಶ್ಚಿಮಕ್ಕೆ ಲಗೂನು, ಪೂರ್ವಕ್ಕೆ ಬಿಚ್ಚು ಕಡಲು, ನಡುವೆ ತೆಂಗು. ನಾಯಿಗಳಿಲ್ಲ, ಹಾವುಗಳಿಲ್ಲ. ಮೊಮ್ಮಗಳು ಮೊದಲ ದಿನವೇ ಇದನ್ನು ತಿಳಿದುಕೊಂಡು ಬರಿಗಾಲಿನಲ್ಲಿ ಎಲ್ಲೆಂದರಲ್ಲಿ ತಿರುಗತೊಡಗಿದಳು. ಅವಳ ಹಿಂದೆ ನಡೆಯುವ ಕೆಲಸ ನನ್ನದು. ಹಾಗೆ ನಡೆಯುತ್ತ ಊರಿನ ಒಳಗೆ, ಹವಳದ ಕಲ್ಲಿನ ಗೋಡೆಯ ಒಂದು ಹಳೆಯ ಮನೆಯ ಎದುರು ನಿಂತಾಗ, ಜಗಲಿಯಲ್ಲಿ ಕೂತಿದ್ದ ಎಂಬತ್ತು ದಾಟಿದ ಹಿರಿಯರೊಬ್ಬರು ಎಲ್ಲಿಂದ ಎಂದು ಕೇಳಿದರು. ಮಂಗಳೂರು ಎಂದೆ.

"ಮಂಗಳೂರಿನಲ್ಲಿ ಎಲ್ಲಿ?"

"ಬಂದರು."

"ಬಂದರಿನಲ್ಲಿ ಎಲ್ಲಿ?"

ಮಂಗಳೂರಿನಲ್ಲೇ ಈಗ ಯಾರೂ ಕೇಳದ ಪ್ರಶ್ನೆ. ನಾನು ಉತ್ತರ ಕೊಡುವ ಮೊದಲೇ ಅವರು ಬೆರಳು ಮಡಿಸುತ್ತ ಹೇಳಿಕೊಂಡು ಹೋದರು: ದಕ್ಕೆ, ಕಂದಕ, ಝೀನತ್ ಬಕ್ಷ್ ಮಸೀದಿ, ಅಜೀಜುದ್ದೀನ್ ರಸ್ತೆ, ಆಚೆ ದಡದಲ್ಲಿ ಬೆಂಗ್ರೆ. ಭಾಷೆ ಅವರ ದ್ವೀಪದ ಮಲಯಾಳ, ನಡುನಡುವೆ ಬಂದರಿನ ಕನ್ನಡ. ಬ್ಯಾರಿ ಭಾಷೆ ಕೇಳುತ್ತ ಬೆಳೆದ ನನಗೆ ಮುಕ್ಕಾಲು ಅರ್ಥವಾಗುತ್ತಿತ್ತು. ಹುಡುಗನಾಗಿದ್ದಾಗ ಅಡುಗೆ ಕೆಲಸಕ್ಕೆಂದು ದ್ವೀಪದ ಹಡಗು ಓಡಂ ಹತ್ತಿದವರು, ಆಮೇಲೆ ವರ್ಷವರ್ಷವೂ ಬಂದವರು. ಕೊನೆಗೆ ಅವರು ಕೇಳಿದ್ದು: "ಮುಡಿ ಅಕ್ಕಿ ಈಗಲೂ ಉಂಟಾ?"

ಮಗ ಆ ಹೊತ್ತಿಗೆ ನಮ್ಮನ್ನು ಹುಡುಕಿಕೊಂಡು ಬಂದಿದ್ದ. ಮುಡಿ ಎಂದರೇನು ಎಂದು ಕೇಳಿದವನು ಅವನು.

ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಿಂದ ಬಿಗಿದು, ಗುಂಡಗೆ ಕಟ್ಟುತ್ತಿದ್ದದ್ದು ಮುಡಿ. ಕಳಸೆಗೆ 14 ಸೇರು, ಮುಡಿಗೆ ಮೂರು ಕಳಸೆ, ಒಟ್ಟು 42 ಸೇರು. ಕಿಲೋ ಬಂದು ವರ್ಷಗಳಾದ ಮೇಲೂ ನನ್ನ ಅಪ್ಪನ ಬಾಯಿಂದ ಲೆಕ್ಕ ಹೊರಡುತ್ತಿದ್ದದ್ದು ಕಳಸೆಯಲ್ಲೇ. ಅವರು ಬಂದರಿನ ಒಂದು ಅಕ್ಕಿ ಮಂಡಿಯಲ್ಲಿ ಗುಮಾಸ್ತರು. ಶಾಲೆಗೆ ರಜೆ ಇದ್ದ ದಿನ ಅವರಿಗೆ ಮಧ್ಯಾಹ್ನದ ಬುತ್ತಿ ಒಯ್ಯುವ ಕೆಲಸ ನನಗೆ. ಹೆಣ್ಣುಮಕ್ಕಳು ಆ ಕಡೆ ಹೋಗುವುದು ಕಡಿಮೆ, ಅದಕ್ಕೇ ಆ ಕೆಲಸವೆಂದರೆ ನನಗೆ ಜಂಬ. ಮಂಡಿಯ ಹಿಂಬಾಗಿಲು ತೆರೆದರೆ ನದಿ. ನೇತ್ರಾವತಿ, ಫಲ್ಗುಣಿ ಎರಡೂ ಕಡಲು ಸೇರುವ ಅಳಿವೆಯ ಒಳಗೆ ಮಂಜಿಗಳು ಒಂದಕ್ಕೊಂದು ತಾಗಿ ನಿಂತಿರುತ್ತಿದ್ದವು. ಕಛ್‌ನಿಂದ ಬಂದವು ದೊಡ್ಡವು. ದ್ವೀಪದವು ಸಣ್ಣವು. ಅವುಗಳಲ್ಲಿ ಹಳೆಯವಕ್ಕೆ ಆಣಿಯೇ ಇರುತ್ತಿರಲಿಲ್ಲ, ಹಲಗೆಗೆ ಹಲಗೆ ಸೇರಿಸಿ ತೆಂಗಿನ ಹುರಿಯಿಂದ ಹೊಲಿದಿದ್ದರು. ಹೊಲಿದ ಹಡಗಿನಲ್ಲಿ ಕಡಲು ದಾಟುತ್ತಾರೆಂದರೆ ಶಾಲೆಯಲ್ಲಿ ಯಾರೂ ನಂಬುತ್ತಿರಲಿಲ್ಲ.

ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ ಅವರು ಬರತೊಡಗುವರು. ಮೇ ಕೊನೆಗೆ ಕಡೆಯ ಮಂಜಿ ಹೋದರೆ ಮತ್ತೆ ಮಳೆ ಮುಗಿಯುವವರೆಗೆ ಇಲ್ಲ. ತರುತ್ತಿದ್ದದ್ದು ಹುರಿ, ಕೊಪ್ಪರ, ಒಣಗಿಸಿದ ಕೇದರ್ ಮೀನು, ತೆಂಗಿನ ಕಳ್ಳಿನಿಂದ ಕಾಸಿದ ಬೆಲ್ಲ. ಒಯ್ಯುತ್ತಿದ್ದದ್ದು ಅಕ್ಕಿ, ಮೆಣಸು, ಹುಣಿಸೆ, ಬಟ್ಟೆ, ಸೀಮೆಎಣ್ಣೆ, ಅಡಿಕೆ, ಕೆಲವೊಮ್ಮೆ ನಮ್ಮ ಮಂಗಳೂರು ಹೆಂಚು. ನಾನು ನೋಡಿದ್ದು ಆ ವ್ಯಾಪಾರದ ಕೊನೆಗಾಲ. 1970ರ ದಶಕದಲ್ಲಿ ಅತ್ತ ಪಣಂಬೂರಿನಲ್ಲಿ ಹೊಸ ಬಂದರು ಎದ್ದಿತು, ಇತ್ತ ದ್ವೀಪಗಳಿಗೆ ಸರ್ಕಾರಿ ರೇಷನ್ ಮತ್ತು ಸಹಕಾರಿ ಸೊಸೈಟಿ ಬಂದವು. ಹಾಯಿ ಹೋಗಿ ಇಂಜಿನ್ ಬಂತು. ಆದರೂ ಅಂಗಳದಲ್ಲಿ ಹುರಿಯ ಕಟ್ಟುಗಳು ಆಳೆತ್ತರ ಬಿದ್ದಿರುತ್ತಿದ್ದವು, ಅವುಗಳ ಮೇಲೆ ಹತ್ತಿ ಕೂತು ನಾನು ಮುಂಡಾಸಿನ ಗಂಡಸರ ಮಾತು ಕೇಳುತ್ತಿದ್ದೆ. ಒಬ್ಬರು ಪ್ರತಿಸಲವೂ ಒಣ ಬಾಳೆಲೆಯಲ್ಲಿ ಸುತ್ತಿದ ಕಾಯಿ ಬೆಲ್ಲದ ಉಂಡೆ ಕೊಡುತ್ತಿದ್ದರು. ಅವರ ಹೆಸರನ್ನು ನಾನು ಕೇಳಲೇ ಇಲ್ಲ. ಅಪ್ಪನಿಗೆ ಗೊತ್ತಿತ್ತು, ಖಾತೆಯಲ್ಲಿ ಇತ್ತಲ್ಲ.

ಬಂದರು ಅವರನ್ನು ಚೆನ್ನಾಗಿ ನೋಡಿಕೊಂಡಿತೆಂದು ಹೇಳಲಾರೆ. ಅವರಿಗೆ ನಾಯಿಯ ಅಭ್ಯಾಸವಿರಲಿಲ್ಲ. ದಕ್ಕೆಯ ಪೋಕರಿ ಹುಡುಗರಿಗೆ ಇದು ಗೊತ್ತು. ಮೊದಲ ಸಲ ಬಂದ ಎಳೆಯ ಹುಡುಗನೊಬ್ಬ ಸಿಕ್ಕರೆ ಬೀದಿನಾಯಿಗಳನ್ನು ಛೂ ಬಿಡುವುದು, ಅವನು ಹುರಿಕಟ್ಟಿನ ಮೇಲೆ ಹತ್ತಿದರೆ ಕೇಕೆ ಹಾಕುವುದು. ದೊಡ್ಡವರ ತಮಾಷೆ ಬೇರೆ. ದ್ವೀಪದಲ್ಲಿ ಮನೆ ಹೆಂಗಸಿನದು, ಗಂಡ ತಾಯಿಮನೆಯಲ್ಲೇ ಇದ್ದು ರಾತ್ರಿ ಹೆಂಡತಿಯ ಮನೆಗೆ ಹೋಗಿ ಬೆಳಿಗ್ಗೆ ಮರಳುತ್ತಾನೆ. ಇದನ್ನು ಹೇಳಿ ಮಂಡಿಯಲ್ಲಿ ನಗುತ್ತಿದ್ದರು, ನನ್ನ ಅಪ್ಪನೂ ನಗುತ್ತಿದ್ದರು. ನಮ್ಮದೂ ಅಳಿಯಕಟ್ಟಿನ ಮನೆ. ಅಪ್ಪ ಉಣ್ಣುತ್ತಿದ್ದದ್ದು ನನ್ನ ಅಜ್ಜಿಯ ಮನೆಯಲ್ಲಿ, ಆ ಮನೆಯ ಮಾತು ನಡೆಯುತ್ತಿದ್ದದ್ದು ಅಮ್ಮನ ಅಣ್ಣನದು. ಅಂಥವರು ದ್ವೀಪದ ಗಂಡಂದಿರನ್ನು ನೋಡಿ ನಗುತ್ತಿದ್ದರೆಂಬುದು ಆಗ ನನಗೆ ಹೊಳೆಯಲಿಲ್ಲ. ಅವರಿಗೂ ಹೊಳೆದಿರಲಾರದು.

ಖಾತೆ ಎಂದೆನಲ್ಲ, ವಿಷಯ ಇರುವುದೇ ಅಲ್ಲಿ. ಮಳೆಗಾಲದ ಮೂರು ನಾಲ್ಕು ತಿಂಗಳಿಗೆ ಬೇಕಾದ ಅಕ್ಕಿಯನ್ನು ಅವರು ಮೇ ತಿಂಗಳಲ್ಲೇ ಒಯ್ಯಬೇಕು. ಅಷ್ಟಕ್ಕೆ ಸಾಕಾಗುವಷ್ಟು ಹುರಿ ಕೈಯಲ್ಲಿ ಇರುತ್ತಿರಲಿಲ್ಲ. ಧನಿಗಳು ಸಾಲ ಕೊಡುವರು. ಮುಂದಿನ ವರ್ಷದ ಹುರಿ ಅವರಿಗೇ ಬರಬೇಕು, ದರ ಅವರೇ ಕಟ್ಟುವುದು. ಹುರಿ ತೂಗುವಾಗ ತೇವಕ್ಕೆ ಇಷ್ಟು, ಮರಳಿಗೆ ಇಷ್ಟು ಎಂದು ಕಳೆಯುವುದು. ಕಡಲು ದಾಟಿ ಬಂದ ಹುರಿಯಲ್ಲಿ ತೇವ ಇಲ್ಲದೆ ಇರುತ್ತದೆಯೇ? ಕೆಂಪು ಬಟ್ಟೆಯ ರಟ್ಟಿನ ಆ ಪುಸ್ತಕಕ್ಕೆ 'ದ್ವೀಪದ ಖಾತೆ' ಎಂದೇ ಹೆಸರು. ಅಪ್ಪನ ಅಕ್ಷರ ಮುದ್ದಾಗಿತ್ತು. ಬಾಕಿಯ ಕಾಲಮ್ಮು ಒಂದು ವರ್ಷವೂ ಸೊನ್ನೆ ಮುಟ್ಟಿದ್ದಿಲ್ಲ. "ನಾವು ಅಕ್ಕಿ ಕಳಿಸದಿದ್ದರೆ ಅವರ ಒಲೆ ಉರಿಯುತ್ತಿರಲಿಲ್ಲ," ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದರು. ಸ್ವಂತಕ್ಕೆ ಒಂದು ಸೇರು ಅಕ್ಕಿ ಮುಟ್ಟದ ಮನುಷ್ಯ, ಆ ಮಾತನ್ನು ನಿಜವಾಗಿಯೂ ನಂಬಿದ್ದರು. ನಾನೂ ನಂಬಿಕೊಂಡು ಬಂದಿದ್ದೆ.

ಕದ್ಮತ್‌ನ ಜಗಲಿಯಲ್ಲಿ ಹಿರಿಯರು ಹೇಳಿದ್ದು ಅದೇ ವ್ಯಾಪಾರದ ಇನ್ನೊಂದು ತುದಿ. ಕಾಯಿ ಸುಲಿದ ಸಿಪ್ಪೆಯನ್ನು ಲಗೂನಿನ ಅಂಚಿನ ಮರಳಿನಲ್ಲಿ ಹೂತು, ಮೇಲೆ ಕಲ್ಲು ಹೇರಿ, ಉಬ್ಬರ ಇಳಿತದ ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಯಲು ಬಿಡಬೇಕು. ಆಮೇಲೆ ತೆಗೆದು, ಮರದ ಕೊಡತಿಯಿಂದ ಬಡಿದು, ನಾರು ಬಿಡಿಸಿ, ತೊಳೆದು, ಒಣಗಿಸಿ, ಅಂಗೈಯಲ್ಲಿ ಹೊಸೆಯಬೇಕು. ಹೂಳುವುದರಿಂದ ಹೊಸೆಯುವವರೆಗೆ ಅಷ್ಟೂ ಹೆಂಗಸರ ಕೆಲಸ. ಅವರ ತಾಯಿಯ ಅಂಗೈ ರೇಖೆ ಕಾಣದಷ್ಟು ದಡ್ಡುಗಟ್ಟಿತ್ತಂತೆ. ಮಂಗಳೂರಿನಿಂದ ಮಂಜಿ ತಡವಾದ ವರ್ಷ ಎಳೆಗಾಯಿ, ಮೀನು, ಗೆಡ್ಡೆ ತಿಂದು ದಿನ ದೂಡಿದ್ದನ್ನು ಅವರು ಯಾವ ಕಹಿಯೂ ಇಲ್ಲದೆ ಹೇಳಿದರು. ಅಪ್ಪನ ಮಂಡಿಯ ಗುರುತು ಹೇಳಿ, ನೆನಪಿದೆಯೇ ಎಂದು ಕೇಳಿದೆ. "ಎಲ್ಲ ಅಂಗಡಿಯಲ್ಲೂ ಒಬ್ಬ ಗುಮಾಸ್ತ ಇದ್ದ," ಎಂದರು. ಅಲ್ಲಿಗೆ ಮುಗಿಯಿತು.

ಆ ರಾತ್ರಿ ನನಗೆ ಹೊಳೆದದ್ದು ಇಷ್ಟು: ಅಪ್ಪ ಮುದ್ದಾಗಿ ಬರೆದ ಆ ಪುಸ್ತಕದಲ್ಲಿ ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ. ಮನೆ ಹೆಂಗಸಿನದು, ಹುರಿ ಹೊಸೆದವಳು ಅವಳು. ಸಾಲ ಮಾತ್ರ ಅವಳ ಅಣ್ಣನದೋ ಗಂಡನದೋ ಹೆಸರಿನಲ್ಲಿ. ಹುರಿಕಟ್ಟಿನ ಮೇಲೆ ಕೂತು ಕಾಲಾಡಿಸುತ್ತಿದ್ದ ಹುಡುಗಿಗೆ ಈ ಪ್ರಶ್ನೆ ಏಳದಿದ್ದದ್ದು ಸಹಜ. ಬಾಳಿನುದ್ದಕ್ಕೂ ಕಾಲೇಜಿನಲ್ಲಿ ಇತಿಹಾಸ ಕಲಿಸಿದ ಹೆಂಗಸಿಗೂ ಏಳಲಿಲ್ಲವೆಂದರೆ ಆ ಉಂಡೆಯ ಸಿಹಿ ಜೋರಾಗಿಯೇ ಇದ್ದಿರಬೇಕು.

ದ್ವೀಪದ ಮೇಲೆ ಮಂಗಳೂರಿಗಿದ್ದ ಹಿಡಿತ ಇತಿಹಾಸ ಪುಸ್ತಕದಲ್ಲೂ ಗುಟ್ಟೇನಲ್ಲ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಈ ಐದಕ್ಕೆ ಅಮಿಂದಿವಿ ದ್ವೀಪಗಳೆಂದು ಹೆಸರು. ಕಣ್ಣೂರಿನ ಅರಕ್ಕಲ್ ಬೀಬಿಯ ಆಳ್ವಿಕೆ ಬೇಡವೆಂದು ಇಲ್ಲಿನವರು 1780ರ ದಶಕದಲ್ಲಿ ಟಿಪ್ಪುವಿನ ಆಸರೆ ಕೇಳಿ ಬಂದದ್ದು ಮಂಗಳೂರಿಗೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ದ್ವೀಪಗಳು ಕಂಪನಿಯ ಕೈಗೆ ಬಂದು ಕೆನರಾಕ್ಕೆ ಸೇರಿದವು. 1956ರ ನವೆಂಬರ್ 1ರವರೆಗೂ ಅವು ದಕ್ಷಿಣ ಕನ್ನಡ ಜಿಲ್ಲೆಯ ಭಾಗ, ಅಲ್ಲಿನ ಆಡಳಿತ ಮಂಗಳೂರಿನಿಂದ. ಹುರಿಯ ಏಕಸ್ವಾಮ್ಯ ಸರ್ಕಾರದ್ದು. ದ್ವೀಪದವರು ಹುರಿಯನ್ನು ಸರ್ಕಾರ ಹೇಳಿದ ದರಕ್ಕೆ ಸರ್ಕಾರಕ್ಕೇ ಕೊಟ್ಟು, ಬದಲಿಗೆ ಮಂಗಳೂರಿನಲ್ಲಿ ಅಕ್ಕಿ ಪಡೆಯಬೇಕು. ನಮ್ಮ ಧನಿಗಳು ಹೊಸದೇನನ್ನೂ ಕಂಡುಹಿಡಿದವರಲ್ಲ, ನಡೆದುಬಂದ ಸಾಲಿನಲ್ಲೇ ಉತ್ತವರು. ಇದನ್ನೆಲ್ಲ ನಾನು ತರಗತಿಯಲ್ಲಿ ಹೇಳಿದ್ದೇನೆ, ಪರೀಕ್ಷೆಗೆ ಬರುವಷ್ಟು ಮಾತ್ರ.

ನಮ್ಮ ರಜೆಯ ಬಗ್ಗೆಯೂ ಹೇಳಬೇಕು. ಮಗ, ಸೊಸೆ ಕೊಳವೆ ಕಚ್ಚಿಕೊಂಡು ನೀರೊಳಗೆ ತಲೆ ಹಾಕಿ ತೇಲಿದರು. ಮೊಮ್ಮಗಳು ಆಮೆ ಕಂಡು ಕಿರುಚಿದಳು. ಗೈಡ್ ಹುಡುಗ ಪ್ರಾಮಾಣಿಕ. "ಮೀನು ನೋಡಿ, ಹವಳ ಕೇಳಬೇಡಿ," ಎಂದು ಮೊದಲೇ ಹೇಳಿದ್ದ. 1998, 2010, 2016ರಲ್ಲಿ ಕಡಲು ಬಿಸಿಯಾದಾಗ ಹವಳ ಬಿಳುಚಿ ಸತ್ತಿತು. ಚೇತರಿಸಿಕೊಳ್ಳುವಷ್ಟರಲ್ಲಿ ಮತ್ತೆ ಬಿಸಿ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸಂಶೋಧಕರು ಅಗತ್ತಿ, ಕದ್ಮತ್, ಕವರತ್ತಿಗಳಲ್ಲಿ 24 ವರ್ಷ ಅಳೆದು ನೋಡಿದ್ದಾರೆ. 1998ರಲ್ಲಿ ಶೇ. 37ರಷ್ಟಿದ್ದ ಜೀವಂತ ಹವಳ 2022ಕ್ಕೆ ಶೇ. 19ರ ಆಸುಪಾಸಿಗೆ ಇಳಿದಿದೆ. ಮಗ ನೀರಿನಡಿ ತೆಗೆದ ವಿಡಿಯೊದಲ್ಲಿ ಬಣ್ಣದ ಮೀನುಗಳ ಹಿಂದೆ ಕಾಣುವುದು ಬೂದುಬಣ್ಣದ ಪುಡಿಗಲ್ಲು. ಆಮೆಗಳ ಬಗ್ಗೆ ನಾವು ಹಿಗ್ಗಿದಷ್ಟು ಅಲ್ಲಿನ ಮೀನುಗಾರರು ಹಿಗ್ಗುವುದಿಲ್ಲ. ಅವು ಹೆಚ್ಚಾಗಿ ಲಗೂನಿನ ಕಡಲಹುಲ್ಲನ್ನು ಬೋಳು ಮೇಯ್ದಿವೆ, ಹುಲ್ಲಿನಲ್ಲಿ ಬೆಳೆಯುತ್ತಿದ್ದ ಮೀನುಮರಿಗೆ ಜಾಗವಿಲ್ಲ ಎಂಬುದು ಅವರ ದೂರು.

ಕುಡಿಯುವ ನೀರಿನ ಸಂಗತಿ ಇನ್ನೂ ಸೂಕ್ಷ್ಮ. ದ್ವೀಪದಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ಮಳೆನೀರು ಮರಳಿನಲ್ಲಿ ಇಳಿದು ಉಪ್ಪುನೀರಿನ ಮೇಲೆ, ಹಾಲಿನ ಮೇಲಿನ ಕೆನೆಯಂತೆ ತೆಳ್ಳಗೆ ನಿಂತಿರುತ್ತದೆ. ಹೆಚ್ಚು ಎತ್ತಿದರೆ ಬಾವಿಗೆ ಉಪ್ಪು ಏರುತ್ತದೆ. ಕಡಲ ನೀರನ್ನೇ ಸಿಹಿ ಮಾಡುವ ಸ್ಥಾವರ 2005ರಲ್ಲಿ ಕವರತ್ತಿಗೆ ಬಂದ ಮೇಲೆ ಒಂದೊಂದೇ ದ್ವೀಪಕ್ಕೆ ಬರುತ್ತಿದೆ, ಸರಿ. ಆದರೆ 2023ರಲ್ಲಿ ದೊಡ್ಡ ಹೋಟೆಲ್ ಕಂಪನಿಯೊಂದು ಕದ್ಮತ್‌ನಲ್ಲಿ 110 ಕೋಣೆಗಳ ರೆಸಾರ್ಟು ಕಟ್ಟುವುದಾಗಿ ಸಾರಿದೆ. ಅದರಲ್ಲಿ 35 ನೀರಿನ ಮೇಲೆಯೇ ನಿಲ್ಲುವ ವಿಲ್ಲಾಗಳು. ಸಣ್ಣ ಕಾಟೇಜಿನಲ್ಲಿ ಎರಡು ಬಾಲ್ದಿ ನೀರಿನಲ್ಲಿ ಮಿಂದು ಬಂದ ನನಗೆ ಇದು ದ್ವೀಪಕ್ಕೆ ಹೊರೆಯಾಗಿಯೇ ಕಾಣುತ್ತದೆ. ಕೆಲಸ ಸಿಗುತ್ತದೆ ಎಂದು ಗೈಡ್ ಹುಡುಗ ವಾದಿಸಿದ. ಅವನಿಗೆ ಉತ್ತರ ಕೊಡುವ ಅರ್ಹತೆ ನನಗಿಲ್ಲ. ಆದರೆ ದರ ಕಟ್ಟುವವರು ಮತ್ತೆ ದಡದ ಮೇಲಿನವರೇ ಎಂಬುದನ್ನು ಮಾತ್ರ ಹೇಳಿದೆ. ಅವನು ನಕ್ಕ. ಹುರಿಯ ಕಥೆಯನ್ನು ಅವನ ಅಜ್ಜಿಯೂ ಹೇಳಿದ್ದಳಂತೆ.

ಹುರಿ ಹೊಸೆಯುವವರು ಈಗ ಕಡಿಮೆ. ಸಿಪ್ಪೆ ಹೂಳುತ್ತಿದ್ದ ಗುಂಡಿಗಳಲ್ಲಿ ಹಲವು ಮುಚ್ಚಿಹೋಗಿವೆ. ಮನೆಗೊಬ್ಬರು ಸರ್ಕಾರಿ ನೌಕರಿಯಲ್ಲಿದ್ದಾರೆ, ಹುಡುಗಿಯರು ಡಿಗ್ರಿ ಓದುತ್ತಾರೆ. ಯಾರಿಗೂ ಆ ದಡ್ಡುಗಟ್ಟಿದ ಅಂಗೈ ಬೇಕಿಲ್ಲ, ಬೇಕೆನ್ನುವ ಹಕ್ಕು ನನಗಂತೂ ಇಲ್ಲ. ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳು ಈಗಲೂ ದ್ವೀಪಕ್ಕೆ ಹೋಗುತ್ತವೆ. ಸಿಮೆಂಟು, ಜಲ್ಲಿ, ಕಬ್ಬಿಣ, ತರಕಾರಿ ಒಯ್ಯುತ್ತವೆ. ಅಪ್ಪನ ಮಂಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ, ಮೇಲೆ ವಸತಿಗೃಹ. ಅದರ ಜಗಲಿಯಲ್ಲಿ ದ್ವೀಪದವರು ಎಕ್ಸ್‌ರೇ ಲಕೋಟೆ ಹಿಡಿದು ಕೂತಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಈಗ ಅವರು ಬರುವುದು ಆಸ್ಪತ್ರೆಗೆ, ಮಕ್ಕಳ ಕಾಲೇಜಿಗೆ.

ಕದ್ಮತ್ ಬಿಡುವ ದಿನ ಹಿರಿಯರ ಮಗಳು ನನ್ನನ್ನು ಪಕ್ಕಕ್ಕೆ ಕರೆದು ವಿಚಾರಿಸಿದ್ದು ಒಂದೇ: ತಂದೆಯ ಕಣ್ಣಿನ ಆಪರೇಷನ್ನಿಗೆ ಮಂಗಳೂರೇ ಅನುಕೂಲ, ನೆಂಟರ ಮಕ್ಕಳು ಅಲ್ಲಿ ಓದುತ್ತಿದ್ದಾರೆ, ಅಲ್ಲಿಗೆ ನೇರ ಹಡಗು ಯಾವಾಗ ಶುರುವಾಗುತ್ತದೆ? ನನಗೇನು ಗೊತ್ತು? 2024ರ ಮೇ ತಿಂಗಳಲ್ಲಿ ವೇಗದ ಹಡಗೊಂದು ಲಕ್ಷದ್ವೀಪದಿಂದ ಸುಮಾರು ಏಳು ಗಂಟೆಯಲ್ಲಿ ಹಳೆ ಬಂದರಿಗೆ ಪ್ರಯಾಣಿಕರನ್ನು ತಂದಾಗ ಊರಿನಲ್ಲಿ ಹೂಮಾಲೆಯ ಸ್ವಾಗತವಾಗಿತ್ತು. ಲಕ್ಷದ್ವೀಪಕ್ಕೆಂದೇ ಬೇರೆ ಜೆಟ್ಟಿ ಕಟ್ಟುವ ಮಾತೂ ವರ್ಷಗಳಿಂದ ಪತ್ರಿಕೆಯಲ್ಲಿ ಬರುತ್ತಿದೆ. ಪ್ರವಾಸೋದ್ಯಮ ಬೆಳೆಯುತ್ತದೆ, ಕರಾವಳಿಗೆ ವ್ಯಾಪಾರ ಹೆಚ್ಚುತ್ತದೆ ಎಂದು ಅದಕ್ಕೆ ಕಾರಣ ಕೊಡುತ್ತಾರೆ.

ಜೆಟ್ಟಿ ಬೇಗ ಆಗಲಿ, ಮಂಗಳೂರು–ಅಮಿಂದಿವಿ ಹಡಗು ವಾರಕ್ಕೊಮ್ಮೆಯಾದರೂ ತಪ್ಪದೆ ಓಡಲಿ. ಟಿಕೆಟ್ ಕೊಡುವಾಗ ಮಾತ್ರ ಆಸ್ಪತ್ರೆಯ ಚೀಟಿ ಹಿಡಿದವರಿಗೆ ಮೊದಲು ಕೊಡಿ, ಕಾಲೇಜಿನ ಮಕ್ಕಳಿಗೆ ಆಮೇಲೆ. ರಜೆಗೆ ಹೊರಟ ನಮ್ಮಂಥವರು ಉಳಿದ ಸೀಟಿನಲ್ಲಿ ಹೋಗಿಬರುತ್ತೇವೆ. ಸೀಟಿಲ್ಲದಿದ್ದರೆ ಕೊಚ್ಚಿಗೆ ರೈಲು ಇದ್ದೇ ಇದೆ.